ನೈಟ್ ಡ್ಯೂಟಿಯ ಊಟ ಸಂಜೆ ಆರಕ್ಕೇ ಆಗಬೇಕು, ಸಿಸ್ಟರ್

ತರಕಾರಿ ತಿನ್ನಿ, ಎಣ್ಣೆ ಕಡಿಮೆ ಮಾಡಿ ಅಂತ ನರ್ಸ್‌ಗಳಿಗೆ ನಾನು ಪಾಠ ಹೇಳುವುದಿಲ್ಲ. ಅದನ್ನೆಲ್ಲ ನೀವೇ ದಿನಾ ಡಿಸ್ಚಾರ್ಜ್ ಆಗುವ ಪೇಶಂಟ್‌ಗೆ ಹೇಳಿ ಕಳಿಸುತ್ತೀರಿ. ಆದರೆ ಕಾರವಾರ, ಕುಮಟಾ, ಘಟ್ಟದ ಮೇಲಿನ ಶಿರಸಿ, ಎಲ್ಲಿಂದ ಪತ್ರ ಬಂದರೂ ಅದರಲ್ಲೊಂದು ಸಾಲು ಇದ್ದೇ ಇರುತ್ತದೆ: "ಮೇಡಂ, ಡ್ಯೂಟಿಯಲ್ಲಿ ಸುಸ್ತಾಗುತ್ತೆ, ಯಾವ ಪುಡಿ ಕುಡಿಯಲಿ?" ಈ ಪುಡಿಯ ಪ್ರಶ್ನೆ ಕೇಳಿ ಕೇಳಿ ನನಗೆ ಸಾಕಾಗಿದೆ. ಸಿಟ್ಟು ಪುಡಿ ಮಾರುವವರ ಮೇಲೆ, ನಿಮ್ಮ ಮೇಲಲ್ಲ. ಈ ಸಲ ಒಂದೇ ಪ್ರಶ್ನೆಗೆ ಉದ್ದಕ್ಕೆ ಬರೆಯುತ್ತೇನೆ, ಉಳಿದವಕ್ಕೆ ಒಂದೆರಡು ಮಾತು.

ಪ್ರಶ್ನೆ: ನಾನು ಸ್ಟಾಫ್ ನರ್ಸ್. ನೈಟ್ ಅಂದ್ರೆ ರಾತ್ರಿ 8ರಿಂದ ಬೆಳಿಗ್ಗೆ 8. ಅಂಕೋಲಾದಿಂದ ಕಾರವಾರಕ್ಕೆ ಬಸ್ಸಲ್ಲಿ ಬರಬೇಕು, ಆರೂವರೆಗೇ ಮನೆ ಬಿಡ್ತೇನೆ. ಆಗ ಹಸಿವೇ ಇರಲ್ಲ, ಚಾ ಕುಡಿದು ಹೊರಡ್ತೇನೆ. ರಾತ್ರಿ ಒಂದೂವರೆಗೆ ಡಬ್ಬಿ ಊಟ. ಮೂರು ಗಂಟೆ ಆಯ್ತು ಅಂದ್ರೆ ಕಣ್ಣು ಎಳೀತದೆ, ಆಮೇಲೆ ಚಾ ಬಿಸ್ಕತ್ತು. ಮನೆಗೆ ಬಂದ್ರೆ ನಿದ್ದೆ ಬರಲ್ಲ. ಎರಡು ವರ್ಷದಲ್ಲಿ ಆರು ಕೆಜಿ ಜಾಸ್ತಿ ಆಗಿದೆ. ಏನಾದ್ರೂ ಪ್ರೋಟೀನ್ ಪುಡಿ ಹೇಳ್ತೀರಾ?

ಪುಡಿ ಹೇಳುವುದಿಲ್ಲ. ನಿಮ್ಮ ಗಡಿಯಾರವನ್ನು ನೀವೇ ಒಮ್ಮೆ ನೋಡಿ. ನೈಟ್ ಮುಗಿಸಿ ಮಲಗಿದವರು ಏಳುವುದು ಮಧ್ಯಾಹ್ನ ಎರಡು, ಎರಡೂವರೆಗೆ. ಎದ್ದ ಕೂಡಲೇ ಹೊಟ್ಟೆ ತುಂಬ ಊಟ ಮಾಡುತ್ತೀರಿ, ಅದಕ್ಕೇ ಆರು ಗಂಟೆಗೆ ಹಸಿವಿರುವುದಿಲ್ಲ. ಅಲ್ಲಿಂದ ರಾತ್ರಿ ಒಂದೂವರೆ ತನಕ ಹನ್ನೊಂದು ಗಂಟೆ ಹೊಟ್ಟೆಗೆ ಹೋಗಿದ್ದು ಒಂದು ಲೋಟ ಚಾ ಮಾತ್ರ. ಹ್ಯಾಂಡ್‌ಓವರ್ (ಪಾಳಿ ಬದಲಾಗುವಾಗ ಪೇಶಂಟ್‌ಗಳನ್ನು ಒಪ್ಪಿಸಿಕೊಳ್ಳುವುದು), ಹತ್ತು ಗಂಟೆಯ ಇಂಜೆಕ್ಷನ್, ಹೊಸ ಅಡ್ಮಿಶನ್, ನಿಮ್ಮ ಕೆಲಸದ ಅತಿ ಜೋರಿನ ಹೊತ್ತು ಇದೇ ಹನ್ನೊಂದು ಗಂಟೆಯ ಒಳಗಿದೆ. ಆಮೇಲೆ ಒಂದೂವರೆಗೆ ಹಸಿದ ಹೊಟ್ಟೆಗೆ ಅನ್ನ ಬೀಳುತ್ತದೆ.

ಆ ಹೊತ್ತಿಗೆ ದೇಹ ಊಟಕ್ಕೆ ತಯಾರಿರುವುದಿಲ್ಲ. ಮಿದುಳಿನಲ್ಲಿರುವ ಗಡಿಯಾರ ಬೆಳಕು ನೋಡಿ ನಡೆಯುವಂಥದ್ದು, ನಿಮ್ಮ ಡ್ಯೂಟಿ ಚಾರ್ಟ್ ಅದಕ್ಕೆ ಗೊತ್ತಿಲ್ಲ. ರಾತ್ರಿ ಇನ್ಸುಲಿನ್ ಹಗಲಿನಷ್ಟು ಚೆನ್ನಾಗಿ ಕೆಲಸ ಮಾಡುವುದಿಲ್ಲ, ಹಾಗಾಗಿ ಮಧ್ಯಾಹ್ನ ಉಂಡ ಅದೇ ಅನ್ನ ಸಾರು ನಡುರಾತ್ರಿ ಉಂಡರೆ ರಕ್ತದ ಸಕ್ಕರೆ ಜಾಸ್ತಿ ಏರುತ್ತದೆ, ಜಾಸ್ತಿ ಹೊತ್ತು ಮೇಲೇ ಇರುತ್ತದೆ. ಮೂರರಿಂದ ಐದರ ಒಳಗೆ ಮೈಯ ಬಿಸಿ ದಿನದಲ್ಲೇ ಅತಿ ಕಡಿಮೆ ಇರುತ್ತದೆ, ನಿದ್ದೆಯ ಒತ್ತಡ ಅತಿ ಜಾಸ್ತಿ. ಏನು ತಿಂದರೂ ಆಗ ಸ್ವಲ್ಪ ಕಣ್ಣು ಎಳೆದೇ ಎಳೆಯುತ್ತದೆ, ಅದು ನಿಮ್ಮ ತಪ್ಪಲ್ಲ. ಅದರ ಮೇಲೆ ಒಂದೂವರೆಯ ಅನ್ನವೂ ಸೇರಿದರೆ ನಾಲ್ಕು ಗಂಟೆಗೆ ಡ್ರಿಪ್‌ನ ಹನಿ ಎಣಿಸುವಾಗ ಲೆಕ್ಕ ತಪ್ಪದೆ ಇರುತ್ತದಾ?

ನಾನೂ ಆಸ್ಪತ್ರೆಯಲ್ಲಿ ಕೆಲಸ ಮಾಡಿದವಳೇ. ಒಂದು ರಾತ್ರಿ ನರ್ಸಿಂಗ್ ಸ್ಟೇಷನ್‌ನಲ್ಲಿ ಒಬ್ಬ ಸಿಸ್ಟರ್ ಸ್ಟೀಲ್ ಡಬ್ಬಿ ಬಿಚ್ಚಿದ್ದನ್ನು ನೋಡಿದೆ. ಅನ್ನ, ಮೇಲೆ ಹುರುಳಿ ಸಾರು, ಮೂಲೆಯಲ್ಲಿ ಒಂದು ಬಂಗಡೆ ತುಂಡು. ಬೆಲ್ ಆಯಿತು, ಮುಚ್ಚಿದರು. ಬಂದು ಬಿಚ್ಚಿದರು, ಕ್ಯಾಶುಯಲ್ಟಿಯಿಂದ ಫೋನ್ ಬಂತು, ಮತ್ತೆ ಮುಚ್ಚಿದರು. ಮೂರನೇ ಸಲ ಬಿಚ್ಚುವಾಗ ಅನ್ನ ಸಾರು ಹೀರಿ ಗಟ್ಟಿಯಾಗಿತ್ತು. ನಿಂತುಕೊಂಡೇ ನಾಲ್ಕು ತುತ್ತು ತಿಂದು ಉಳಿದದ್ದನ್ನು ಹಾಗೇ ಮುಚ್ಚಿಟ್ಟರು. ಬೆಳಿಗ್ಗೆ ಹ್ಯಾಂಡ್‌ಓವರ್ ಕೊಡುತ್ತಾ ಟ್ರಾಲಿ ಹಿಡಿದುಕೊಂಡೇ ಕುಸಿದರು. ಆ ಡಬ್ಬಿ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಡ್ಯೂಟಿಯಲ್ಲಿ ಊಟಕ್ಕೆ ಅರ್ಧ ಗಂಟೆ ಸಿಗುತ್ತದೆ ಅಂತ ನಂಬಿಕೊಂಡು ಹೋಗಬೇಡಿ ಅಂತ ನಾನು ಹೇಳುವುದು ಅದಕ್ಕೇ. ಸಿಗಲೇಬೇಕಿತ್ತು, ಆದರೆ ಸಿಗುವುದಿಲ್ಲ.

ಹಾಗಾಗಿ ಊಟದ ಹೊತ್ತನ್ನೇ ತಿರುಗಿಸಿ. ಎದ್ದಾಗ ಸ್ವಲ್ಪವೇ ತಿನ್ನಿ: ಎರಡು ತೆಳ್ಳೇವು (ತೆಳು ದೋಸೆ), ಇಲ್ಲದಿದ್ದರೆ ಮೊಸರು ಅವಲಕ್ಕಿ, ಒಂದು ಹಣ್ಣು. ನಿಜವಾದ ಊಟ ಮನೆ ಬಿಡುವ ಮೊದಲು, ಆರು ಗಂಟೆಗೆ. "ಆರಕ್ಕೆ ಯಾರಿಗೆ ಊಟ ಹೋಗುತ್ತೆ ಮೇಡಂ" ಅಂತ ಎಲ್ಲರೂ ಕೇಳುತ್ತಾರೆ. ಎರಡೂವರೆಯ ಊಟ ಕಡಿಮೆ ಮಾಡಿ, ಮೂರ್ನಾಲ್ಕು ದಿನ ತಡೆದುಕೊಳ್ಳಿ, ಆಮೇಲೆ ಹೋಗುತ್ತದೆ. ಕುಚ್ಚಲಕ್ಕಿ ಅನ್ನ, ದಪ್ಪ ಬೇಳೆಯ ಸಾರು ಅಥವಾ ಹುರುಳಿ ಕಟ್ಟಿನ ಸಾರು, ಒಂದು ಪಲ್ಯ, ಜೊತೆಗೆ ಮೀನು. ತಾರ್ಲೆ (ಬೂತಾಯಿ), ಬಂಗಡೆ ಅಗ್ಗದ ಮೀನು ಅಂತ ಅಸಡ್ಡೆ ಮಾಡಬೇಡಿ, ಒಳ್ಳೆಯ ಕೊಬ್ಬೂ ಪ್ರೋಟೀನೂ ಎರಡೂ ಅದರಲ್ಲಿವೆ. ಹುರಿದದ್ದಕ್ಕಿಂತ ಸಾರಿನದ್ದು ವಾಸಿ. ಜೂನ್, ಜುಲೈಯಲ್ಲಿ ಯಾಂತ್ರಿಕ ದೋಣಿ ಕಡಲಿಗೆ ಇಳಿಯುವಂತಿಲ್ಲ, ಮೀನು ತುಟ್ಟಿ. ಆಗ ಮೊಟ್ಟೆ, ಮೊಳಕೆ ಹೆಸರಿನ ಉಸಳಿ. ಒಣಮೀನಿನಲ್ಲಿ ಉಪ್ಪು ವಿಪರೀತ, ಡ್ಯೂಟಿಗೆ ಹೋಗುವ ಮೊದಲು ಬೇಡ.

ಡಬ್ಬಿಯಲ್ಲಿ ಅನ್ನ ಬೇಡ. ಬೆಲ್ ಆದರೆ ಮುಚ್ಚಿಡಬಹುದಾದದ್ದು, ಆರಿದರೂ ತಿನ್ನಬಹುದಾದದ್ದು, ಒಂದು ಕೈಯಲ್ಲಿ ಹಿಡಿಯಬಹುದಾದದ್ದು ಇರಲಿ. ಎರಡು ಚಪಾತಿಯೊಳಗೆ ಪಲ್ಯ ಸುತ್ತಿ, ಎರಡು ಬೇಯಿಸಿದ ಮೊಟ್ಟೆ. ಮೊಟ್ಟೆ ತಿನ್ನದವರು ಕಡಲೆ ಉಸಳಿ. ಇದನ್ನು ಹನ್ನೊಂದರಿಂದ ಹನ್ನೆರಡೂವರೆ ಒಳಗೆ ಮುಗಿಸಿ, ಎರಡು ಸಲಕ್ಕೆ ತಿಂದರೂ ಸರಿ. ಒಂದು ಗಂಟೆ ನಂತರ ನೀರು, ಮಜ್ಜಿಗೆ ಸಾಕು. ನಿಜವಾಗಿ ಹಸಿವಾದರೆ ಒಂದು ಹಿಡಿ ಶೇಂಗಾ. ಮೂರೂವರೆಗೆ ಕೈ ಬಿಸ್ಕತ್ತಿಗೆ ಹೋಗುವುದು ಹೆಚ್ಚಾಗಿ ಹಸಿವಿನಿಂದಲ್ಲ, ನಿದ್ದೆಯಿಂದ. ನಿಮ್ಮ ಆರು ಕೆಜಿಯಲ್ಲಿ ಆ ಬಿಸ್ಕತ್ತು ಪೊಟ್ಟಣಗಳ ಪಾಲು ದೊಡ್ಡದು ಅಂತ ನನ್ನ ಅಂದಾಜು. ಆಗ ಎದ್ದು ಮುಖಕ್ಕೆ ತಣ್ಣೀರು ಹಾಕಿ, ದೀಪ ಜಾಸ್ತಿ ಇರುವ ಕಡೆ ಕೂತು ಬರೆಯಿರಿ.

ಇನ್ನು ಚಾ. ಒಂದು ಕಪ್ ಚಾದಲ್ಲಿ 30ರಿಂದ 65 ಮಿಲಿಗ್ರಾಂ ಕೆಫೀನ್ ಇರುತ್ತದೆ. ದಿನಕ್ಕೆ 300 ಮಿಲಿಗ್ರಾಂ ದಾಟಬಾರದು ಅಂತ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಹೇಳುತ್ತದೆ. ಆ ಲೆಕ್ಕಕ್ಕಿಂತ ನಿಮಗೆ ಮುಖ್ಯ ಕುಡಿಯುವ ಹೊತ್ತು. ಕುಡಿದ ಕೆಫೀನ್ ಅರ್ಧಕ್ಕೆ ಇಳಿಯಲು ಸುಮಾರು ಐದು ಗಂಟೆ ಬೇಕು. ನಾಲ್ಕೂವರೆಗೆ ಕುಡಿದ ಚಾದ ಅರ್ಧ ನೀವು ಒಂಬತ್ತೂವರೆಗೆ ಮಲಗುವಾಗಲೂ ಮೈಯಲ್ಲೇ ಇರುತ್ತದೆ. ನಿದ್ದೆ ಬರಲ್ಲ ಅಂತ ಬರೆದಿದ್ದೀರಲ್ಲ, ಮೊದಲು ಆ ಚಾ ನಿಲ್ಲಿಸಿ ನೋಡಿ. ಒಂಬತ್ತಕ್ಕೊಂದು, ಹನ್ನೆರಡಕ್ಕೊಂದು, ತೀರಾ ಅಂದರೆ ಎರಡು ಗಂಟೆ ಒಳಗೆ ಕೊನೆಯದು.

ಬೆಳಿಗ್ಗೆ ಬಸ್‌ಸ್ಟ್ಯಾಂಡಿನ ಬನ್ಸ್ ಭಾಜಿ ಎಷ್ಟು ರುಚಿ ಅಂತ ನನಗೂ ಗೊತ್ತು. ರಜೆಯ ದಿನ ತಿನ್ನಿ. ಎಣ್ಣೆಯದ್ದು ತಿಂದು ಕೂಡಲೇ ಮಲಗಿದರೆ ಎದೆಯುರಿ ಗ್ಯಾರಂಟಿ. ಹಸಿದು ಮಲಗುವುದೂ ಬೇಡ, ಹನ್ನೊಂದಕ್ಕೇ ಎಚ್ಚರ ಆಗುತ್ತದೆ. ಒಂದು ಬಟ್ಟಲು ಗಂಜಿ, ಇಲ್ಲವೇ ಎರಡು ಇಡ್ಲಿ, ಅಷ್ಟೇ.

ಇದೆಲ್ಲ ತಲೆಕೆಳಗಾಗುವ ರಾತ್ರಿಯೂ ಇದೆ. ನಮ್ಮ ಜಿಲ್ಲೆಯ ನರ್ಸ್‌ಗಳಿಗೆ ನಾನು ಹೇಳಬೇಕಾಗಿಲ್ಲ. ಕೇಸ್ ರೆಫರ್ ಆಯಿತು, ಮಣಿಪಾಲಕ್ಕೋ ಗೋವಾಕ್ಕೋ ಹುಬ್ಬಳ್ಳಿಗೋ ಆಂಬುಲೆನ್ಸ್ ಹೊರಟಿತು, ಜೊತೆಗೆ ನೀವು. ಹೋಗಿ ಬರುವುದರಲ್ಲಿ ರಾತ್ರಿಯೇ ಮುಗಿಯುತ್ತದೆ, ಡಬ್ಬಿ ವಾರ್ಡಿನಲ್ಲೇ ಉಳಿಯುತ್ತದೆ. ಅದಕ್ಕಾಗಿ ಬ್ಯಾಗಿನಲ್ಲಿ ಒಂದು ಚೀಲ ಬೇರೆಯೇ ಇರಲಿ: ಹುರಿಗಡಲೆ, ಶೇಂಗಾ ಚಿಕ್ಕಿ, ನಾಲ್ಕು ಖರ್ಜೂರ, ನೀರಿನ ಬಾಟಲಿ. ವಾರಕ್ಕೊಮ್ಮೆ ಬದಲಾಯಿಸಿ, ನಮ್ಮ ಕರಾವಳಿಯ ತೇವಕ್ಕೆ ಶೇಂಗಾ ಬೇಗ ಮುಗ್ಗುಲು ಹಿಡಿಯುತ್ತದೆ.

ಡ್ಯೂಟಿ ಮುಗಿದ ಮೇಲೆ ಸುಸ್ತಿಗೆ ಒಂದು ಬಾಟಲ್ ಗ್ಲೂಕೋಸ್ ಹಾಕಿಸಿಕೊಂಡರೆ ಫ್ರೆಶ್ ಅನಿಸುತ್ತೆ. ತಪ್ಪಾ?

ತಪ್ಪು. ಐದು ಪರ್ಸೆಂಟ್ ಡೆಕ್ಸ್‌ಟ್ರೋಸ್, ಅಂದರೆ ಅದೇ ಗ್ಲೂಕೋಸ್, ಅರ್ಧ ಲೀಟರ್ ಬಾಟಲಿಯಲ್ಲಿ ಇರುವುದು 25 ಗ್ರಾಂ ಸಕ್ಕರೆ, ನೂರು ಕ್ಯಾಲೊರಿಯೂ ಇಲ್ಲ. ಒಂದು ಬಾಳೆಹಣ್ಣು ಅಷ್ಟು ಕೊಡುತ್ತದೆ, ಸೂಜಿ ಚುಚ್ಚದೆ, ಸೋಂಕಿನ ಭಯವಿಲ್ಲದೆ. ಫ್ರೆಶ್ ಅನಿಸುವುದು ಅರ್ಧ ಲೀಟರ್ ನೀರು ಮೈಗೆ ಹೋದದ್ದಕ್ಕೆ ಮತ್ತು ನೀವು ಒಂದು ಗಂಟೆ ಸುಮ್ನೆ ಮಲಗಿದ್ದಕ್ಕೆ.

ಹಿಮೋಗ್ಲೋಬಿನ್ 9.4. ದಿನಾ ಬೀಟ್‌ರೂಟ್ ಜ್ಯೂಸ್ ಕುಡಿತಿದ್ದೇನೆ, ಏರಿಲ್ಲ.

ಏರುವುದಿಲ್ಲ. ಬಣ್ಣ ಕೆಂಪಾದ ಮಾತ್ರಕ್ಕೆ ರಕ್ತ ಆಗುತ್ತದಾ? ನೂರು ಗ್ರಾಂ ಬೀಟ್‌ರೂಟಿನಲ್ಲಿ ಒಂದು ಮಿಲಿಗ್ರಾಂ ಕಬ್ಬಿಣವೂ ಇಲ್ಲ, ಹೆಂಗಸರಿಗೆ ದಿನಕ್ಕೆ ಬೇಕಾದದ್ದು 29 ಮಿಲಿಗ್ರಾಂ. 9.4 ಅಂದರೆ ವೈದ್ಯರನ್ನು ಕಂಡು ಕಬ್ಬಿಣದ ಮಾತ್ರೆ ಶುರು ಮಾಡಬೇಕು, ಮುಟ್ಟಿನಲ್ಲಿ ಜಾಸ್ತಿ ಹೋಗುತ್ತಿದೆಯಾ ಅಂತಲೂ ನೋಡಿಸಬೇಕು. ಮಾತ್ರೆಯನ್ನು ಲಿಂಬೆ ನೀರಿನ ಜೊತೆ ತಗೊಳ್ಳಿ. ಊಟಕ್ಕೂ ಮಾತ್ರೆಗೂ ಒಂದು ಗಂಟೆ ಹಿಂದೆ ಮುಂದೆ ಚಾ ಬೇಡ, ಅದು ಕಬ್ಬಿಣ ಹೀರುವುದನ್ನು ತಡೆಯುತ್ತದೆ. ರಕ್ತ ಶುದ್ಧಿಯ ಚೂರ್ಣ ಅಂತ ಮನೆ ಬಾಗಿಲಿಗೆ ಬಂದು ಮಾರುವವರಿಂದ ನರ್ಸ್‌ಗಳೇ ಕೊಂಡರೆ ಪೇಶಂಟ್‌ಗೆ ಯಾವ ಬಾಯಲ್ಲಿ ಬುದ್ಧಿ ಹೇಳುತ್ತೀರಿ?

ನಮ್ಮ ಬೀದಿಯ ನ್ಯೂಟ್ರಿಷನ್ ಕ್ಲಬ್‌ನವರು ಬೆಳಗಿನ ತಿಂಡಿ ಬದಲು ಶೇಕ್ ಕುಡಿಯಿರಿ ಅಂತಾರೆ. ನನ್ನ ಥೈರಾಯ್ಡ್ ರಿಪೋರ್ಟನ್ನೂ ಅವರೇ ನೋಡಿ ಹೇಳ್ತಾರಂತೆ.

ಬೇಡ. ಹತ್ತು ದಿನದ ತರಬೇತಿಯವರು ನಿಮ್ಮ ಥೈರಾಯ್ಡ್ ರಿಪೋರ್ಟ್ ಓದುವುದೂ ಬೇಡ.

ಎನರ್ಜಿ ಡ್ರಿಂಕ್? (ಒಬ್ಬ ಬ್ರದರ್, ಅಂದರೆ ಗಂಡು ನರ್ಸ್, ಶಿರಸಿಯಿಂದ)

ಒಂದು ಕ್ಯಾನ್ ಅಂದರೆ ಒಂದು ಕಾಫಿಯಷ್ಟು ಕೆಫೀನ್, ಜೊತೆಗೆ ಐದಾರು ಚಮಚ ಸಕ್ಕರೆ. ದುಡ್ಡು ಉಳಿಸಿ.

ಪದೇ ಪದೇ ಟಾಯ್ಲೆಟ್‌ಗೆ ಹೋಗೋಕೆ ಆಗಲ್ಲ ಅಂತ ಡ್ಯೂಟಿಯಲ್ಲಿ ನೀರೇ ಕುಡಿಯಲ್ಲ. ಮೂರು ತಿಂಗಳಲ್ಲಿ ಎರಡು ಸಲ ಉರಿಮೂತ್ರ ಆಯ್ತು.

ನಿಮ್ಮನ್ನು ಬೈಯಲು ನನಗೆ ಮನಸ್ಸಿಲ್ಲ, ಇಡೀ ವಾರ್ಡಿಗೆ ಒಬ್ಬರನ್ನೇ ಹಾಕಿದರೆ ಯಾರಾದರೂ ಇದನ್ನೇ ಮಾಡುತ್ತಾರೆ. ಆದರೆ ಎರಡು ಸಲ ಆಗಿದೆ ಅಂದಮೇಲೆ ಯೂರಿನ್ ಕಲ್ಚರ್ (ಮೂತ್ರದಲ್ಲಿ ಯಾವ ರೋಗಾಣು ಇದೆ ಅಂತ ನೋಡುವ ಪರೀಕ್ಷೆ) ಮಾಡಿಸಿ, ವಾರ್ಡಿನ ಆಂಟಿಬಯೋಟಿಕ್ ನೀವೇ ತೆಗೆದು ನುಂಗಬೇಡಿ. ಒಂದೇ ಸಲ ಗಟಗಟ ಕುಡಿಯುವ ಬದಲು ಪ್ರತಿ ರೌಂಡ್ ಮುಗಿದಾಗ ಅರ್ಧ ಲೋಟ ಕುಡಿಯಿರಿ. ಎರಡು ಮೂರು ಗಂಟೆಗೊಮ್ಮೆ ಹೋಗಿಯೇ ಬನ್ನಿ, ಜೊತೆಯವರಿಗೆ ಹೇಳಿ ಹೋಗಿ. ಮನೆಯಿಂದ ಮುರುಗಲ ಹುಳಿಯ (ಕೋಕಂ) ನೀರು ತಂದರೆ ಒಳ್ಳೆಯದೇ, ಸಕ್ಕರೆ ಹಾಕಬೇಡಿ.

ಅಪ್ಪೆಹುಳಿ (ಮಾವಿನಕಾಯಿಯ ತೆಳು ಹುಳಿಸಾರು) ಕುಡಿದರೆ ಒಳ್ಳೆ ನಿದ್ದೆ ಬರುತ್ತೆ ಅಂತ ನಮ್ಮತ್ತೆ ಹೇಳ್ತಾರೆ. ನೈಟ್ ಮುಗಿಸಿ ಬಂದು ಕುಡಿಯಬಹುದಾ?

ಧಾರಾಳವಾಗಿ. ಬಿಪಿ ಇದ್ದರೆ ಉಪ್ಪು ಕಡಿಮೆ ಹಾಕಿಸಿ. ಜೊತೆಗೆ ಕಿಟಕಿಗೆ ದಪ್ಪ ಪರದೆ ಹಾಕಿ, ಫೋನ್ ಬೇರೆ ಕೋಣೆಯಲ್ಲಿಡಿ.

ದಿನಾ ಗ್ಯಾಸ್ಟ್ರಿಕ್. ಎರಡು ವರ್ಷದಿಂದ ಪ್ಯಾಂಟೊಪ್ರಜೋಲ್ ನಾನೇ ತಗೊಳ್ತಿದ್ದೇನೆ. ಈಚೆಗೆ ಪಾದ ಜುಮ್ ಅನ್ನುತ್ತೆ. ನಾವು ಸಸ್ಯಾಹಾರಿಗಳು.

ಇದನ್ನು ಕೊನೆಗೆ ಇಟ್ಟಿದ್ದೇನೆ, ಆದರೆ ನೀವು ನಾಳೆಯೇ ಮಾಡಬೇಕಾದ ಕೆಲಸ ಇದು: ಬಿ12 ಪರೀಕ್ಷೆ ಮಾಡಿಸಿ. ಹೊಟ್ಟೆಯ ಆಮ್ಲ ತಗ್ಗಿಸುವ ಈ ಮಾತ್ರೆ ವರ್ಷಗಟ್ಟಲೆ ನುಂಗಿದರೆ ಬಿ12 ಹೀರುವುದು ಕಡಿಮೆಯಾಗುತ್ತದೆ, ಸಸ್ಯಾಹಾರದಲ್ಲಿ ಅದು ಸಿಗುವುದು ಹಾಲು ಮೊಸರಿನಿಂದ ಮಾತ್ರ. ನಿಮಗೆ ಎರಡು ಕಡೆಯಿಂದಲೂ ಕೊರತೆ. ಒಂದೆಲಗದ ತಂಬುಳಿ ಉಣ್ಣಿ, ಒಳ್ಳೆಯದು, ಆದರೆ ಜುಮ್ ಅನ್ನುವ ಪಾದಕ್ಕೆ ಅದು ಮದ್ದಲ್ಲ. ನರಕ್ಕೆ ಪೆಟ್ಟು ಬಿದ್ದು ತುಂಬ ದಿನ ಆದರೆ ಪೂರ್ತಿ ಸರಿಯಾಗದೆಯೂ ಹೋಗಬಹುದು. ಮಾತ್ರೆ ನಿಲ್ಲಿಸಬೇಕಾ, ಬಿ12 ಇಂಜೆಕ್ಷನ್ ಬೇಕಾ ಅಂತ ವೈದ್ಯರು ಹೇಳಲಿ. ರಿಪೋರ್ಟ್ ಬಂದ ಮೇಲೆ ನನಗೆ ಬರೆಯಿರಿ, ಊಟದ ವಿಷಯ ಆಗ ಮಾತಾಡೋಣ.