‘ಹೋಗೂಣು’ ಎಂದವರು ಯಾರು? ಒಂದು ಆಪ್ತಸಲಹೆ ಪ್ರಕರಣ

ಈ ಪ್ರಕರಣವು 2021ರ ಡಿಸೆಂಬರ್‌ನಿಂದ 2022ರ ಏಪ್ರಿಲ್‌ವರೆಗೆ ಬೆಳಗಾವಿಯಲ್ಲಿ ನಾನು ನೋಡಿದ ಒಂದು ಕುಟುಂಬದ್ದು. ಅವರ ಒಪ್ಪಿಗೆ ಪಡೆದು, ಗುರುತು ಹಿಡಿಯಬಹುದಾದ ವಿವರಗಳನ್ನೆಲ್ಲ ಬದಲಿಸಿ ಬರೆಯುತ್ತಿದ್ದೇನೆ. ಬಂದವರನ್ನು ಇಲ್ಲಿ ಶೈಲಾ ಎಂದು ಕರೆಯುತ್ತೇನೆ. ವಯಸ್ಸು ನಲವತ್ತರ ಆಸುಪಾಸು, ಸಹಕಾರಿ ಬ್ಯಾಂಕಿನಲ್ಲಿ ನೌಕರಿ. ಪತಿಗೆ ಉದ್ಯಮಬಾಗದಲ್ಲಿ ಸಣ್ಣ ವರ್ಕ್‌ಶಾಪ್ ಇದೆ. ಮನೆಯಲ್ಲಿ ಹದಿಮೂರು ವರ್ಷದ ಮಗಳು, ಒಂಬತ್ತು ವರ್ಷದ ಮಗ ಮತ್ತು ಎಪ್ಪತ್ತು ದಾಟಿದ ಮಾವ.

ಶೈಲಾ ಹೇಳಿಕೊಂಡ ತೊಂದರೆ ನಿದ್ರೆಯದು. ರಾತ್ರಿ ಎರಡಕ್ಕೆ ಎಚ್ಚರವಾಗುತ್ತಿತ್ತು, ಎಚ್ಚರವಾದೊಡನೆ ಕೈ ಮೊಬೈಲಿಗೆ ಹೋಗುತ್ತಿತ್ತು. 2022ರ ಜನವರಿ 24ರಿಂದ ಆರು ದಿನಗಳ ಅಂಡಮಾನ್ ಪ್ರವಾಸವನ್ನು ಅವರು ಯೋಚಿಸಿದ್ದರು. ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣದಿಂದ ಬೆಂಗಳೂರು, ಅಲ್ಲಿಂದ ಚೆನ್ನೈ ಮೂಲಕ ಪೋರ್ಟ್ ಬ್ಲೇರ್, ಬಳಿಕ ಹಡಗಿನಲ್ಲಿ ಸ್ವರಾಜ್ ದ್ವೀಪ. ಒಂದೊಂದು ಹಂತಕ್ಕೂ ನಿಯಮ ಏನಿದೆ, ನಿನ್ನೆಯದು ಇಂದು ಬದಲಾಗಿದೆಯೇ, ಲಸಿಕೆ ಇಲ್ಲದ ಮಕ್ಕಳಿಗೆ ಏನು ಕೇಳುತ್ತಾರೆ ಎಂಬುದನ್ನು ಅವರು ಒಂದು ಲಾಂಗ್ ಬುಕ್ಕಿನಲ್ಲಿ ಬರೆದಿಟ್ಟಿದ್ದರು. ಮೊದಲ ಭೇಟಿಯಲ್ಲೇ ಅದನ್ನು ನನ್ನ ಮುಂದೆ ತೆರೆದರು. ಬ್ಯಾಂಕಿನ ಲೆಡ್ಜರಿನಂತೆ ಸ್ಕೇಲು ಹಿಡಿದು ಎಳೆದ ಗೆರೆಗಳು, ಕೆಂಪು ಶಾಯಿಯಲ್ಲಿ ಹೊಡೆದು ಹಾಕಿದ ದಿನಾಂಕಗಳು. ಪುಟದ ಕೊನೆಯ ‘ನಿರ್ಣಯ’ ಎಂಬ ಕಾಲಂ ಮಾತ್ರ ಪ್ರತಿ ಪುಟದಲ್ಲೂ ಖಾಲಿಯಿತ್ತು.

ಅವರ ಆತಂಕಕ್ಕೆ ಆಧಾರವಿರಲಿಲ್ಲ ಎಂದು ಯಾರೂ ಹೇಳಲಾರರು. ಇದೇ ಪ್ರವಾಸಕ್ಕೆ 2020ರ ಏಪ್ರಿಲ್ ತಿಂಗಳಿಗೆ ತೆಗೆಸಿದ್ದ ಟಿಕೆಟ್‌ಗಳು ಮಾರ್ಚ್ 25ರ ಲಾಕ್‌ಡೌನ್‌ನೊಂದಿಗೆ ರದ್ದಾಗಿದ್ದವು. ದೇಶದೊಳಗಿನ ವಿಮಾನಗಳು ಮೇ 25ರಿಂದ ಹಾರತೊಡಗಿದರೂ ದ್ವೀಪಗಳ ಬಾಗಿಲು ಕೂಡಲೇ ತೆರೆಯಲಿಲ್ಲ. ತೆರೆದ ಮೇಲೆ 48 ಗಂಟೆಗಳೊಳಗಿನ ಆರ್‌ಟಿ-ಪಿಸಿಆರ್ ವರದಿ ಕೇಳತೊಡಗಿದರು. ಬೆಳಗಾವಿಯಲ್ಲಿ ಗಂಟಲದ್ರವ ಕೊಟ್ಟು, ವರದಿ ಬರುವವರೆಗೆ ಕಾದು, ಎರಡು ಕಡೆ ವಿಮಾನ ಬದಲಿಸಿ ಹೋಗುವವರಿಗೆ ಆ 48 ಗಂಟೆಗಳಲ್ಲಿ ಉಳಿಯುವ ಸಮಯ ಎಷ್ಟು ಎಂಬ ಲೆಕ್ಕವೂ ಆ ಪುಸ್ತಕದಲ್ಲಿತ್ತು. ಮಾಲ್ಡೀವ್ಸ್ ದೇಶವು 2021ರ ಮೇ 13ರಂದು ದಕ್ಷಿಣ ಏಷ್ಯಾದ ಪ್ರವಾಸಿಗಳಿಗೆ ಬಾಗಿಲು ಮುಚ್ಚಿ ಜುಲೈ 15ಕ್ಕೆ ಮತ್ತೆ ತೆರೆದದ್ದನ್ನೂ ಅವರು ಗುರುತು ಹಾಕಿಕೊಂಡಿದ್ದರು. ಅಲ್ಲಿಗೆ ಹೋಗುವ ವಿಚಾರ ಅವರಿಗೆ ಎಂದೂ ಇರಲಿಲ್ಲ. ದ್ವೀಪವೆಂದರೆ ಎಷ್ಟು ಬೇಗ ಮುಚ್ಚಿಬಿಡಬಹುದು ಎಂಬುದಕ್ಕೆ ಸಾಕ್ಷಿಯಾಗಿ ಬರೆದಿಟ್ಟದ್ದು ಅದು. ಅವರು ನನ್ನಲ್ಲಿಗೆ ಬಂದದ್ದು ನವೆಂಬರ್ 26ರಂದು ಓಮೈಕ್ರಾನ್ ಎಂಬ ಹೆಸರು ಕೇಳಿಬಂದು, ಡಿಸೆಂಬರ್ 2ರಂದು ದೇಶದ ಮೊದಲ ಎರಡು ಪ್ರಕರಣಗಳು ನಮ್ಮ ರಾಜ್ಯದಲ್ಲೇ ಪತ್ತೆಯಾದ ವಾರದಲ್ಲಿ.

ಇಲ್ಲಿ ನನ್ನದೊಂದು ತಪ್ಪನ್ನು ಹೇಳಬೇಕು. ಮೊದಲ ಎರಡು ಭೇಟಿಗಳಲ್ಲಿ ನಾನು ಇದನ್ನು ಅನಿಶ್ಚಿತತೆಯನ್ನು ಸಹಿಸಲಾಗದ ಮನಸ್ಸಿನ ತೊಂದರೆ ಎಂದಷ್ಟೇ ತಿಳಿದೆ. ಪದೇ ಪದೇ ನೋಡಿದಾಗ ಹತ್ತು ನಿಮಿಷ ಸಮಾಧಾನ ಸಿಗುತ್ತದೆ, ಆ ಸಮಾಧಾನವೇ ಮತ್ತೆ ನೋಡುವ ಚಟವನ್ನು ಬೆಳೆಸುತ್ತದೆ ಎಂದು ವಿವರಿಸಿ, ನಿಯಮಗಳನ್ನು ದಿನಕ್ಕೊಮ್ಮೆ, ಸಂಜೆ ಏಳರಿಂದ ಇಪ್ಪತ್ತು ನಿಮಿಷ ಮಾತ್ರ, ಅಧಿಕೃತ ಪ್ರಕಟಣೆಗಳಲ್ಲಿ ಮಾತ್ರ ನೋಡುವಂತೆಯೂ, ಮಲಗುವಾಗ ಮೊಬೈಲನ್ನು ಅಡುಗೆಮನೆಯಲ್ಲಿ ಚಾರ್ಜಿಗೆ ಹಾಕುವಂತೆಯೂ ಹೇಳಿದೆ. ಸಲಹೆ ಸರಿಯಾದದ್ದೇ, ಶೈಲಾ ಅದನ್ನು ಶಿಸ್ತಿನಿಂದ ಪಾಲಿಸಿದರು ಕೂಡ. ಆದರೂ ರಾತ್ರಿ ಎರಡಕ್ಕೆ ಎಚ್ಚರವಾಗುವುದು ನಿಲ್ಲಲಿಲ್ಲ. ಮೊಬೈಲು ಕೈಯಲ್ಲಿಲ್ಲದೆ ಕತ್ತಲಲ್ಲಿ ಕಣ್ಣು ಬಿಟ್ಟು ಮಲಗಿರುತ್ತಿದ್ದರು, ಅಷ್ಟೇ ವ್ಯತ್ಯಾಸ.

ಮೂರನೆಯ ಭೇಟಿಯಲ್ಲಿ, ಟಿಕೆಟ್ ತೆಗೆಸುವ ಹೊತ್ತಿನಲ್ಲಿ ಮನೆಯಲ್ಲಿ ಏನಾಗುತ್ತದೆ ಎಂದು ಕೇಳಿದೆ. ನಾಲ್ವರ ಹೆಸರು, ವಯಸ್ಸು, ಗುರುತಿನ ಚೀಟಿಯ ಅಂಕಿಗಳನ್ನೆಲ್ಲ ತಾವೇ ತುಂಬಿ, ಹಣ ಕಟ್ಟುವ ಪುಟದವರೆಗೆ ತಂದು, ಮೊಬೈಲನ್ನು ಪತಿಯ ಮುಂದೆ ಹಿಡಿಯುತ್ತಿದ್ದರಂತೆ. ಪತಿ ಅದನ್ನೊಮ್ಮೆ ನೋಡಿ, “ನಿನಗ ಹೆಂಗ ತಿಳೀತದ ಹಂಗ ಮಾಡು” ಎಂದು ಹಿಂದಕ್ಕೆ ಕೊಡುತ್ತಿದ್ದರಂತೆ. ಪರದೆಯ ಮೇಲೆ ನಿಮಿಷ, ಸೆಕೆಂಡುಗಳು ಇಳಿಯುತ್ತ ಹೋಗಿ ಪುಟ ತಾನಾಗಿಯೇ ಮುಚ್ಚಿಕೊಳ್ಳುತ್ತಿತ್ತು. ಹೀಗೆ ಮೂರು ಸಲ ಆಗಿತ್ತು. “ನಾ ಹೋಗೂಣು ಅಂದ್ರೂ ತಪ್ಪಾಗತೈತ್ರಿ ಮೇಡಂ, ಬ್ಯಾಡ ಅಂದ್ರೂ ತಪ್ಪಾಗತೈತಿ,” ಎಂದು ಹೇಳಿ ಅವರು ಬಹಳ ಹೊತ್ತು ಅತ್ತರು. ಆಮೇಲೆ ಹೊರಬಂದದ್ದು ಪ್ರವಾಸಕ್ಕೆ ಸಂಬಂಧವೇ ಇಲ್ಲವೆಂದು ತೋರುವ ಸಂಗತಿ.

2021ರ ಮಾರ್ಚ್ ಕೊನೆಯಲ್ಲಿ ಕೊಲ್ಹಾಪುರ ಜಿಲ್ಲೆಯಲ್ಲಿರುವ ಅವರ ತವರಿನಲ್ಲಿ ತಮ್ಮನ ಮಗುವಿನ ತೊಟ್ಟಿಲ ಕಾರ್ಯವಿತ್ತು. ಹೋಗೋಣವೆಂದು ಮೊದಲು ಹೇಳಿದವರು ಶೈಲಾ. ಮಾವನೂ ಜೊತೆಗೆ ಬಂದರು. ಮಹಾರಾಷ್ಟ್ರದಿಂದ ಬರುವವರಿಗೆ ನಿಪ್ಪಾಣಿ ಬಳಿಯ ಕೊಗನೊಳ್ಳಿ ಚೆಕ್‌ಪೋಸ್ಟಿನಲ್ಲಿ ನೆಗೆಟಿವ್ ವರದಿ ಕೇಳುತ್ತಿದ್ದುದರಿಂದ ಎಲ್ಲರ ವರದಿಗಳನ್ನೂ ಮೊದಲೇ ಸಿದ್ಧಮಾಡಿ ಪ್ಲಾಸ್ಟಿಕ್ ಫೈಲಿನಲ್ಲಿ ಜೋಡಿಸಿದವರೂ ಅವರೇ. ವರದಿಗಳೆಲ್ಲ ನೆಗೆಟಿವ್ ಇದ್ದವು. ಊರಿಗೆ ಮರಳಿದ ಆರನೆಯ ದಿನ ಮಾವನಿಗೆ ಜ್ವರ ಬಂತು. ಹನ್ನೊಂದು ದಿನ ಆಸ್ಪತ್ರೆ, ಅದರಲ್ಲಿ ಐದು ದಿನ ಆಕ್ಸಿಜನ್. ಒಂದು ರಾತ್ರಿ ಆಸ್ಪತ್ರೆಯ ಅಂಗಳದಲ್ಲಿ, ಔಷಧದ ಚೀಟಿ ಹಿಡಿದು ನಿಂತಿದ್ದ ಪತಿ ಅವರ ಕಡೆ ತಿರುಗಿ, “ನೀನ ಹೋಗೂಣು ಅಂದಿದ್ದಿ” ಎಂದರು. ಅದೇ ವಾರ ವಿಮಾನಸಂಸ್ಥೆಯಿಂದ ಹಿಂದಿನ ವರ್ಷದ ಟಿಕೆಟ್ ಹಣ ಮರಳಿ ಜಮೆಯಾದ ಸಂದೇಶ ಬಂತು. ಲಾಕ್‌ಡೌನ್‌ನಲ್ಲಿ ರದ್ದಾದ ಪ್ರಯಾಣಗಳ ಹಣದ ಬಗ್ಗೆ ಸುಪ್ರೀಂ ಕೋರ್ಟ್ 2020ರ ಅಕ್ಟೋಬರ್ 1ರಂದು ಕೊಟ್ಟಿದ್ದ ಆದೇಶದಲ್ಲಿ, ಸಂಸ್ಥೆಗಳು ಜಮೆ ಇಟ್ಟುಕೊಂಡಿದ್ದ ಹಣಕ್ಕೆ 2021ರ ಮಾರ್ಚ್ 31ರ ಗಡುವು ಇತ್ತು. ಅಂಡಮಾನ್‌ಗೆಂದು ಕೂಡಿಸಿದ್ದ ಆ ಹಣ ಔಷಧಕ್ಕೆ ಹೋಯಿತು. ಮಾವ ಗುಣಮುಖರಾದರು. ಆ ಒಂದು ವಾಕ್ಯವನ್ನು ಮನೆಯಲ್ಲಿ ಯಾರೂ ಮತ್ತೆ ಎತ್ತಲಿಲ್ಲ.

ನಿಯಮ ಬದಲಾಗುತ್ತದೆ ಎಂಬ ಭಯ ಮೇಲ್ಪದರವಾಗಿತ್ತು. ನಿರ್ಣಯ ತಪ್ಪಾದರೆ ಅದು ಒಬ್ಬಳ ತಲೆಯ ಮೇಲೆ ಬೀಳುತ್ತದೆ ಎಂಬ ಭಯ ಅದರ ಕೆಳಗಿತ್ತು. ಮಹಾಮಾರಿಯ ಆ ಎರಡು ವರ್ಷಗಳಲ್ಲಿ ನಾನು ನೋಡಿದ ಅನೇಕ ಮನೆಗಳಲ್ಲಿ ಹೀಗೆಯೇ ಆಗಿದೆ: ಯಾರಿಗೂ ಗೊತ್ತಿಲ್ಲದ ಭವಿಷ್ಯದ ಬಗ್ಗೆ ಯಾರೋ ಒಬ್ಬರು ‘ಹೂಂ’ ಎನ್ನಬೇಕಾಗಿ ಬಂದು, ಮುಂದೆ ಆದದ್ದಕ್ಕೆಲ್ಲ ಆ ಒಬ್ಬರೇ ಜವಾಬ್ದಾರರಾಗಿದ್ದಾರೆ. ಹೆಚ್ಚಿನ ಸಲ ಆ ಒಬ್ಬರು ಮನೆಯ ಸೊಸೆ. ಇದು ನನಗೆ ನೋವಿನ ಸಂಗತಿ. “ನಿನಗ ತಿಳಿದಂಗ ಮಾಡು” ಎಂಬ ಮಾತು ಕೇಳಲು ಸ್ವಾತಂತ್ರ್ಯ ಕೊಟ್ಟಂತೆ ಇರುತ್ತದೆ. ಶೈಲಾ ಅವರಂಥ ಸ್ಥಿತಿಯಲ್ಲಿರುವವರಿಗೆ ಅದು ನಡುನೀರಿನಲ್ಲಿ ಕೈಬಿಟ್ಟಂತೆ.

ನಾಲ್ಕನೆಯ ಭೇಟಿಗೆ ಪತಿಯನ್ನು ಕರೆತರಲು ಹೇಳಿದೆ. ಅವರೊಂದಿಗೆ ಮಾವನೂ ಬಂದರು. ನಾನು ಕರೆದಿರಲಿಲ್ಲ, ಬಂದದ್ದು ಒಳ್ಳೆಯದಾಯಿತು. ಪತಿಗೆ ಆಸ್ಪತ್ರೆಯ ಅಂಗಳದ ಮಾತು ನೆನಪಿತ್ತು. ಅಪ್ಪ ಉಳಿಯುತ್ತಾರೋ ಇಲ್ಲವೋ ಎಂಬ ರಾತ್ರಿ ಬಾಯಿಂದ ಬಂದುಬಿಟ್ಟ ಮಾತದು, ಅಂದಿನಿಂದ ತಾವು ಯಾವುದಕ್ಕೂ ‘ಮಾಡೂಣು’ ಎನ್ನಲು ಹೆದರುತ್ತಿರುವುದಾಗಿ, ಹಾಗೆಂದರೆ ಮುಂದೆ ತಮಗೂ ಅದೇ ಮಾತು ತಿರುಗಿ ಬರುತ್ತದೆಂಬ ಅಂಜಿಕೆ ಇರುವುದಾಗಿ ಅವರು ನಿಧಾನವಾಗಿ ಹೇಳಿದರು. ಅಷ್ಟು ಹೊತ್ತು ಸುಮ್ಮನೆ ಕುಳಿತಿದ್ದ ಮಾವ ಆಗ ಮಗನ ಕಡೆ ನೋಡಿ, “ಅವತ್ತ ಎಲ್ಲಾರಕಿಂತ ಮೊದಲ ರುಮಾಲ ಸುತಗೊಂಡು ಕಾರಿನಾಗ ಕುಂತಾಂವ ನಾನಪಾ. ಗಾಡಿ ಹೊಡದಾಂವ ನೀನು. ಆಕಿ ಒಬ್ಬಾಕಿನ ಹೆಂಗ ಒಯ್ದಂಗಾತು?” ಎಂದರು. ನಾನು ಮುಂದೆ ಏನನ್ನೂ ಕೇಳಲಿಲ್ಲ. ಶೈಲಾ ಸೆರಗಿನಿಂದ ಮುಖ ಒರೆಸಿಕೊಂಡರು. ಪತಿ ಅವರ ಲಾಂಗ್ ಬುಕ್ಕನ್ನು ಕೈಗೆತ್ತಿಕೊಂಡು ಮೊದಲ ಬಾರಿಗೆ ಮೊದಲ ಪುಟದಿಂದ ಓದತೊಡಗಿದರು.

ಪ್ರಯೋಜನಕ್ಕೆ ಬಂದ ಸಲಹೆ ಕೊಟ್ಟದ್ದು ಅದರ ನಂತರ. ಹೋಗಬೇಕೋ ಬೇಡವೋ ಎಂದು ನಾನು ಹೇಳಲಿಲ್ಲ, ಅದು ಆಪ್ತಸಲಹೆಗಾರರ ಕೆಲಸವಲ್ಲ. ನಿರ್ಣಯವನ್ನು ಯಾವ ದಿನ, ಯಾವ ಆಧಾರದ ಮೇಲೆ, ಯಾರ್ಯಾರು ಸೇರಿ ತೆಗೆದುಕೊಳ್ಳುತ್ತೀರಿ ಎಂಬುದನ್ನು ಈಗಲೇ, ಮನಸ್ಸು ಶಾಂತವಾಗಿರುವಾಗ ಬರೆದಿಡಿ ಎಂದೆ. ಅವರು ಜನವರಿ 10ನ್ನು ನಿರ್ಣಯದ ದಿನವೆಂದು ಗೊತ್ತುಮಾಡಿದರು. ಅಲ್ಲಿಯವರೆಗೆ ‘ಹೋಗುತ್ತೇವೆಯೇ’ ಎಂಬ ಪ್ರಶ್ನೆಯನ್ನು ಮನೆಯಲ್ಲಿ ಯಾರೂ ಎತ್ತಬಾರದು, ಮಕ್ಕಳು ಕೇಳಿದರೆ “ಹತ್ತನೇ ತಾರೀಖಿಗೆ ಹೇಳ್ತೀವಿ” ಎಂದು ಇದ್ದುದನ್ನು ಇದ್ದಂತೆ ಹೇಳಬೇಕು. ಎರಡೂ ಕಡೆಯಲ್ಲಿ ಯಾವುದಾದರೊಂದು ಸರ್ಕಾರ ಕ್ವಾರಂಟೈನ್ ಕೇಳಿದರೆ, ಮನೆಯಲ್ಲಿ ಯಾರಿಗಾದರೂ ಜ್ವರವಿದ್ದರೆ, ಅಥವಾ ಮಾವನ ಜೊತೆ ಇರಲು ಗೋಕಾಕಿನ ನಾದಿನಿ ಬರಲಾಗದಿದ್ದರೆ ಪ್ರವಾಸ ನಿಲ್ಲುತ್ತದೆ. ಈ ಮೂರರಲ್ಲಿ ಯಾವ ಒಂದು ನಡೆದರೂ ರದ್ದುಮಾಡುವುದು ಕಾಗದವೇ ಹೊರತು ಮನೆಯ ಯಾವ ಮನುಷ್ಯರೂ ಅಲ್ಲ ಎಂದು ಮೂವರೂ ಸಹಿ ಹಾಕಿದರು.

ದ್ವೀಪದ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ ಬೇಕಿತ್ತು. ಗೋವೆಗೋ ಮಹಾಬಳೇಶ್ವರಕ್ಕೋ ಹೋದವರು ಮೈಗೆ ಹುಷಾರಿಲ್ಲದಿದ್ದರೆ ಸ್ವಂತ ಗಾಡಿಯಲ್ಲಿ ರಾತ್ರೋರಾತ್ರಿ ಮನೆ ಸೇರಬಹುದು. ಅಂಡಮಾನ್‌ನಲ್ಲಿ ಪಾಸಿಟಿವ್ ಆದವರು ಆಗ ಅಲ್ಲಿಯೇ ಇರಬೇಕಿತ್ತು. ಆಗಿನ ನಿಯಮದಂತೆ ಪ್ರತ್ಯೇಕವಾಸ ಕನಿಷ್ಠ 10 ದಿನ. ಹೀಗಾಗಿ ಆರು ದಿನಗಳ ಖರ್ಚಿನ ಜೊತೆಗೆ ಹತ್ತು ದಿನಗಳ ವಸತಿಯ ಹಣ ಮತ್ತು ಇಬ್ಬರ ನಿತ್ಯದ ಔಷಧಗಳ ಹೆಚ್ಚುವರಿ ಸಂಗ್ರಹ ಇಲ್ಲದೆ ಹೊರಡಬಾರದೆಂದೂ, ಪೋರ್ಟ್ ಬ್ಲೇರ್‌ನ ಜಿ.ಬಿ. ಪಂತ್ ಆಸ್ಪತ್ರೆಯಿಂದ ಹಡಗಿನ ದಾರಿಯಷ್ಟು ದೂರವಿರುವ ಸ್ವರಾಜ್ ದ್ವೀಪದಲ್ಲಿ ಎಷ್ಟು ರಾತ್ರಿ ಕಳೆಯುವುದೆಂಬುದನ್ನು ಮತ್ತೊಮ್ಮೆ ಯೋಚಿಸಬೇಕೆಂದೂ ಹೇಳಿದೆ. ರದ್ದಾದರೆ ಕಳೆದುಕೊಳ್ಳಲು ಸಿದ್ಧವಿರುವ ಹಣ ಎಷ್ಟೆಂದು ಮೊದಲೇ ಗೊತ್ತುಮಾಡಿ, ಆ ಮೊತ್ತವನ್ನು ಮನೆಯ ಲೆಕ್ಕದಲ್ಲಿ ಈಗಲೇ ಖರ್ಚು ಹಾಕಿಬಿಡುವಂತೆ ಸೂಚಿಸಿದೆ. ಶೈಲಾ ಇದನ್ನು ತಕ್ಷಣ ಒಪ್ಪಿದರು. ವಸೂಲಾಗದ ಸಾಲಕ್ಕೆ ಬ್ಯಾಂಕಿನಲ್ಲಿ ಮುಂಚೆಯೇ ಹಣ ತೆಗೆದಿಡುವ ಪದ್ಧತಿ ಅವರಿಗೆ ಚೆನ್ನಾಗಿ ಗೊತ್ತಿತ್ತು. ಸಂಜೆಯ ಇಪ್ಪತ್ತು ನಿಮಿಷಗಳನ್ನು ಮುಂದುವರಿಸಲು ಹೇಳಿದೆ. ಆದರೆ ಇನ್ನು ಮೇಲೆ ಗಂಡ ಹೆಂಡತಿ ಒಟ್ಟಿಗೆ ಕುಳಿತು ನೋಡಬೇಕು, ಬರೆಯುವವರು ದಿನಬಿಟ್ಟು ದಿನ ಬದಲಾಗಬೇಕು. ನಿದ್ರೆ ಎರಡು ವಾರಗಳಲ್ಲಿ ಸುಧಾರಿಸದಿದ್ದರೆ ಮನೋವೈದ್ಯರನ್ನು ಕಾಣಬೇಕೆಂದು ಚೀಟಿ ಬರೆದುಕೊಟ್ಟೆ. ಅದರ ಅಗತ್ಯ ಬೀಳಲಿಲ್ಲ.

ಡಿಸೆಂಬರ್ 28ರಿಂದ ರಾಜ್ಯದಲ್ಲಿ ರಾತ್ರಿ ಕರ್ಫ್ಯೂ ಬಂತು, ಜನವರಿ 7ರಿಂದ ವಾರಾಂತ್ಯದ ಕರ್ಫ್ಯೂ ಬಂತು. ಇವೆರಡೂ ಅವರ ಕಾಗದದಲ್ಲಿದ್ದ ಕಾರಣಗಳಲ್ಲವಾದ್ದರಿಂದ ಅವರು ಕಾದರು. ಹೀಗೆ ಕಾಯಲು ಸಾಧ್ಯವಾದದ್ದೇ ನನಗೆ ದೊಡ್ಡ ಸುಧಾರಣೆಯಾಗಿ ಕಂಡಿತು. ಜನವರಿ 9ರ ರಾತ್ರಿ ಮಗನಿಗೆ ಮೈ ಬಿಸಿಯಾಯಿತು. ಮರುದಿನ ಸಂಜೆ ಏಳಕ್ಕೆ ಮೂವರೂ ಊಟದ ಮೇಜಿಗೆ ಕುಳಿತು ಕಾಗದ ಓದಿದರು, ಈ ನಡುವೆ ತೆಗೆಸಿದ್ದ ಟಿಕೆಟ್‌ಗಳನ್ನು ಪತಿ ತಮ್ಮ ಕೈಯಿಂದಲೇ ರದ್ದುಮಾಡಿದರು. ಮಗಳು ಅತ್ತಳು, ಯಾರೂ ಅವಳನ್ನು ತಡೆಯಲಿಲ್ಲ. ಮಗನ ಜ್ವರ ಮೂರು ದಿನಗಳಲ್ಲಿ ಇಳಿಯಿತು. “ಸುಮ್ಮನ ರದ್ದು ಮಾಡಿದಿವಿ” ಎಂಬ ಮಾತು ಮನೆಯಲ್ಲಿ ಬರುತ್ತದೆಂದು ಶೈಲಾ ಒಂದು ವಾರ ಕಾದರಂತೆ. ಬರಲಿಲ್ಲ. ಅಷ್ಟರಲ್ಲಿ ಅವರು ರಾತ್ರಿಯಿಡೀ ನಿದ್ರೆ ಮಾಡತೊಡಗಿದ್ದರು.

ಏಪ್ರಿಲ್‌ನಲ್ಲಿ ಕೊನೆಯ ಭೇಟಿಗೆ ಬಂದಾಗ ಅದೇ ಲಾಂಗ್ ಬುಕ್ ತಂದಿದ್ದರು. ಹೊಸ ಪುಟದಲ್ಲಿ ಅಕ್ಟೋಬರ್‌ನ ದಸರಾ ರಜೆಯ ದಿನಾಂಕಗಳಿದ್ದವು. ‘ನಿರ್ಣಯ’ದ ಕಾಲಂನಲ್ಲಿ ಪತಿಯ ಅಕ್ಷರದಲ್ಲಿ ‘ಸೆಪ್ಟೆಂಬರ್ 15, ಎಲ್ಲರೂ’ ಎಂದು ಬರೆದಿತ್ತು. ಪ್ರಯಾಣಿಕರ ಪಟ್ಟಿಯಲ್ಲಿ ಈ ಸಲ ಐದು ಹೆಸರುಗಳಿದ್ದವು. ಐದನೆಯದು ಹಳೆಯ ಕಾಲದ ಓರೆ ಬರವಣಿಗೆಯಲ್ಲಿತ್ತು. ಮಾವ ತಮ್ಮ ಹೆಸರನ್ನು ತಾವೇ ಬರೆದಿದ್ದರು.