ಬ್ರೋಷರ್ ಆಮೇಲೆ ತಂಗಿ, ಮೊದಲು ನೂರು ಜನ

ತಂಗಿ, ನಿಮ್ಮ ಪೋಸ್ಟ್ ಈಗ ಓದಿದೆ. ಹೊಲಿಗೆ ಕಲಿಸುವ ಟ್ರಸ್ಟ್, ನೋಂದಣಿಯಾಗಿ ಎಂಟು ತಿಂಗಳು, ಕೈಯಲ್ಲಿ 40 ಸಾವಿರ. ಅದರಲ್ಲಿ 28 ಸಾವಿರ ಹಾಕಿ ಕಲರ್ ಬ್ರೋಷರ್ ಮಾಡಿಸಿ, 60 ಕಂಪನಿಗೆ ಸಿಎಸ್‌ಆರ್ (ಕಂಪನಿಗಳು ಸಮಾಜದ ಕೆಲಸಕ್ಕೆ ತೆಗೆದಿಡುವ ದುಡ್ಡು) ಕೇಳಿ ಕಳಿಸುತ್ತೇವೆ, ಕೊಪ್ಪಳದ ಹತ್ತಿರ ಒಳ್ಳೆ ಪ್ರೆಸ್ ಹೇಳಿ ಅಂದಿದ್ದೀರಿ. ಕೆಳಗೆ ಹೆಚ್ಚಿನವರು ಪ್ರೆಸ್ ಹೆಸರೇ ಹೇಳಿದ್ದಾರೆ. ಬೇಡ ಅಂದವರು ಒಬ್ಬರೂ ಇಲ್ಲ. ಅಡ್ವಾನ್ಸ್ ಕೊಟ್ಟಿಲ್ಲ ತಾನೇ? ಕೊಟ್ಟಿಲ್ಲದಿದ್ದರೆ ಇವತ್ತೇ ನಿಲ್ಲಿಸಿ.

2022ರಲ್ಲಿ ನಾವು ಮಾಡಿದ್ದು ಇದೇ. ನಮ್ಮದು ಶಿರಾ ಕಡೆ ಮೂರು ಹಳ್ಳಿಯಲ್ಲಿ ಮಕ್ಕಳ ಲೈಬ್ರರಿ. ದಪ್ಪ ಆರ್ಟ್ ಪೇಪರ್, ಮುಖಪುಟದಲ್ಲಿ ಐದು ಜನ ಟ್ರಸ್ಟಿಗಳ ಫೋಟೊ, ಒಳಗೆ ‘ಗ್ರಾಮೀಣ ಮಕ್ಕಳ ಸರ್ವತೋಮುಖ ಅಭಿವೃದ್ಧಿ’. ಮಕ್ಕಳು ಎಷ್ಟು, ಪುಸ್ತಕ ಎಷ್ಟು, ತಿಂಗಳ ಖರ್ಚು ಎಷ್ಟು, ಒಂದು ಲೆಕ್ಕವೂ ಇರಲಿಲ್ಲ. 45 ಕಂಪನಿಗೆ ಸ್ಪೀಡ್ ಪೋಸ್ಟ್ ಮಾಡಿದೆವು. ಒಂದೇ ಒಂದು ಫೋನ್ ಬಂತು. ಆ ಮೇಡಂ ಮೂರು ಪ್ರಶ್ನೆ ಕೇಳಿದರು. 12ಎ (ಟ್ರಸ್ಟಿನ ಆದಾಯಕ್ಕೆ ತೆರಿಗೆ ವಿನಾಯಿತಿ), 80ಜಿ (ದಾನಿಗಳಿಗೆ ತೆರಿಗೆ ರಿಯಾಯಿತಿ) ನೋಂದಣಿ ಆಗಿದೆಯಾ? ಸಿಎಸ್‌ಆರ್-1 (ಸಿಎಸ್‌ಆರ್ ಕೆಲಸ ಮಾಡಲು ಸರ್ಕಾರದಲ್ಲಿ ಮಾಡಿಸುವ ನೋಂದಣಿ) ನಂಬರ್ ಇದೆಯಾ? ಮೂರು ವರ್ಷದ ಆಡಿಟ್ ಆಗಿದೆಯಾ? ಮೂರಕ್ಕೂ ನನ್ನ ಹತ್ತಿರ ಉತ್ತರ ಇರಲಿಲ್ಲ. ಉಳಿದ ಬ್ರೋಷರ್‌ನ ಎರಡು ಕಟ್ಟು ಇವತ್ತಿಗೂ ಬೀರುವಿನ ಮೇಲಿದೆ. ಆ ದುಡ್ಡಿಗೆ ಒಂದು ಹಳ್ಳಿಯ ಲೈಬ್ರರಿ ವರ್ಷವಿಡೀ ನಡೆಯುತ್ತಿತ್ತು.

ಆ ಪ್ರಶ್ನೆಗಳು ಕಂಪನಿಯವರ ಹಠ ಅಲ್ಲ, ನಿಯಮ. 2021ರ ಏಪ್ರಿಲ್‌ನಿಂದ ಸಿಎಸ್‌ಆರ್-1 ಇಲ್ಲದ ಸಂಸ್ಥೆಗೆ ಸಿಎಸ್‌ಆರ್ ಕೆಲಸ ಕೊಡುವ ಹಾಗಿಲ್ಲ. ಕಂಪನಿ ತಾನೇ ಕಟ್ಟದ, ನಮ್ಮಂಥ ಹೊರಗಿನ ಟ್ರಸ್ಟ್ ಆದರೆ ಅದೇ ಥರದ ಕೆಲಸದಲ್ಲಿ ಮೂರು ವರ್ಷದ ಅನುಭವವೂ ಬೇಕು. ನಿಮಗೆ ಎಂಟು ತಿಂಗಳು. 60 ಪತ್ರ ಕಳಿಸಿದರೂ ಉತ್ತರ ಒಂದೇ, ‘ಆಗಲ್ಲ’.

ಈಗ ಕೆಲಸಕ್ಕೆ ಬಂದ ವಿಷಯ ಹೇಳುತ್ತೇನೆ. ಬ್ರೋಷರ್ ಸೋತ ಮೇಲೆ ಒಂದು ಮಂಗಳವಾರ ಸಂತೆಯಲ್ಲಿ ರಿಟೈರ್ ಆದ ಮೇಷ್ಟ್ರೊಬ್ಬರು ಸಿಕ್ಕರು. ನಮ್ಮ ಉದ್ಘಾಟನೆಗೆ 500 ರೂಪಾಯಿ ಕೊಟ್ಟಿದ್ದವರು. ಕೈಯಲ್ಲಿ ಸೊಪ್ಪಿನ ಚೀಲ ಹಿಡಿದುಕೊಂಡೇ ಕೇಳಿದರು, ‘ನನ್ನ ಐನೂರಕ್ಕೆ ಏನು ತಂದ್ರಪ್ಪಾ?’ ಕೋಪ ಇರಲಿಲ್ಲ, ತಿಳಿದುಕೊಳ್ಳುವ ಆಸೆ ಅಷ್ಟೆ. ನನಗೆ ಹೇಳಲು ಬರಲಿಲ್ಲ. ಮನೆಗೆ ಬಂದು ಬಿಲ್ಲಿನ ಫೈಲ್ ತೆಗೆದು ನೋಡಿದರೆ ಅವರ ದುಡ್ಡು ಶಾಮಿಯಾನಕ್ಕೆ ಹೋಗಿತ್ತು.

ಅವತ್ತಿನಿಂದ ಒಂದು ಪದ್ಧತಿ ಇಟ್ಟುಕೊಂಡಿದ್ದೇವೆ. ಪ್ರತಿ ತಿಂಗಳು 5ನೇ ತಾರೀಕು ದಾನಿಗಳಿಗೆ ಒಂದೇ ಮೆಸೇಜ್. ಒಂದು ಬಿಲ್ಲಿನ ಫೋಟೊ, ತಂದ ಸಾಮಾನಿನ ಒಂದು ಫೋಟೊ, ಎರಡು ಸಾಲು. ಹೋದ ತಿಂಗಳದ್ದು ಹೀಗಿತ್ತು: ‘ಬೈಂಡಿಂಗ್ ಬಟ್ಟೆ, ಅಂಟು, ರಟ್ಟು, ಒಟ್ಟು 640 ರೂಪಾಯಿ. ಹರಿದಿದ್ದ 22 ಪುಸ್ತಕ ಮತ್ತೆ ಮಕ್ಕಳ ಕೈಗೆ ಹೋಗಿವೆ.’ ಅಷ್ಟೇ. ‘ತಮ್ಮ ಅಮೂಲ್ಯ ಸಹಕಾರ’ ಅಂತೆಲ್ಲ ಬರೆಯಲ್ಲ. ದುಡ್ಡನ್ನೂ ಅದರಲ್ಲಿ ಕೇಳಲ್ಲ. ಇದನ್ನು ನೋಡಿ ಜನ ತಾವಾಗಿಯೇ ತಮ್ಮ ತಮ್ಮನಿಗೆ, ಬೀಗರಿಗೆ ಕಳಿಸುತ್ತಾರೆ. ಮೊದಲ ತಿಂಗಳು 19 ಜನ ಇದ್ದರು, ತಿಂಗಳಿಗೆ ನೂರು ಇನ್ನೂರು ಕೊಡುವವರು. ಎರಡು ವರ್ಷಕ್ಕೆ 104 ಆದರು. ಸೊಪ್ಪಿನ ಚೀಲದ ಮೇಷ್ಟ್ರೇ ಅದರಲ್ಲಿ ಹತ್ತು ಜನರನ್ನು ತಂದರು. ದೊಡ್ಡ ದುಡ್ಡಲ್ಲ, ಆದರೆ ಬಾಡಿಗೆ, ಕರೆಂಟು, ಲೈಬ್ರರಿ ನೋಡಿಕೊಳ್ಳುವ ಹುಡುಗಿಯರ ಗೌರವಧನದ ಚಿಂತೆ ತಪ್ಪಿದೆ. ನಮ್ಮೂರ ಕಡೆ ಸಿದ್ಧಗಂಗೆಯ ದಾಸೋಹ ನಡೆದು ಬಂದಿರುವುದು ಯಾರ ಬ್ರೋಷರ್ ನೋಡಿ? ರೈತರು ಸುಗ್ಗಿಯಲ್ಲಿ ಚೀಲ ಚೀಲ ರಾಗಿ ಕೊಡುತ್ತಾರೆ, ಯಾಕೆಂದರೆ ಊಟ ಮಾಡುವ ಮಕ್ಕಳನ್ನು ಕಣ್ಣಾರೆ ನೋಡಿದ್ದಾರೆ.

ಕೇಳುವಾಗಲೂ ಸುಮ್ನೆ ‘ಸಹಾಯ ಮಾಡಿ’ ಅನ್ನಬೇಡಿ. ‘ಒಂದು ತಿಂಗಳ ದಾರ, ಸೂಜಿ, ಬಾಬಿನ್‌ಗೆ ಇಷ್ಟು ಬೇಕು’ ಅನ್ನಿ. ಗಣೇಶನ ಹುಡುಗರು ಚಂದಾ ಪಟ್ಟಿಯನ್ನು ಪೆಂಡಾಲ್ ಮುಂದೆ ಅಂಟಿಸುತ್ತಾರಲ್ವಾ, ಊರೆಲ್ಲ ನಿಂತು ಓದುತ್ತದೆ. ನಿಮ್ಮ ಜಮಾ ಖರ್ಚನ್ನೂ ಕೇಂದ್ರದ ಬಾಗಿಲಿಗೆ ಅಂಟಿಸಿ.

ಮೆಸೇಜನ್ನು ವಾಟ್ಸಾಪ್ ಗ್ರೂಪ್‌ನಲ್ಲಿ ಹಾಕಬೇಡಿ. ಗುಡ್ ಮಾರ್ನಿಂಗ್ ಹೂವುಗಳ ನಡುವೆ ನಿಮ್ಮ ಬಿಲ್ ಕಳೆದುಹೋಗುತ್ತದೆ. ಬ್ರಾಡ್‌ಕಾಸ್ಟ್ ಲಿಸ್ಟ್ ಮಾಡಿ, ಒಂದೇ ಮೆಸೇಜ್ ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಹೋಗುತ್ತದೆ. ಆದರೆ ಒಂದು ಮಾತು: ಅವರ ಫೋನಿನಲ್ಲಿ ನಿಮ್ಮ ನಂಬರ್ ಸೇವ್ ಆಗಿದ್ದರೆ ಮಾತ್ರ ಅದು ತಲುಪುತ್ತದೆ. ರಸೀದಿ ಕೊಡುವಾಗಲೇ ಎದುರಿಗೆ ನಿಂತು ಸೇವ್ ಮಾಡಿಸಿ. ಕಂಪ್ಯೂಟರಿನ ಹಳೆಯ ‘ನುಡಿ’ ಸಾಫ್ಟ್‌ವೇರ್‌ನಲ್ಲಿ ಟೈಪ್ ಮಾಡಿದ್ದನ್ನು ಹಾಗೇ ಅಂಟಿಸಬೇಡಿ, ಫೋನಿನಲ್ಲಿ ಅರ್ಥವಿಲ್ಲದ ಅಕ್ಷರವಾಗುತ್ತದೆ, ಯೂನಿಕೋಡ್ ಬೇಕು. ಫೋಟೊ, ಸಾಲು ಸೇರಿಸಿ ಕಾರ್ಡ್ ಮಾಡಲು ಕ್ಯಾನ್ವಾ ಆಪ್ ಸಾಕು, ನೋಂದಾಯಿತ ಸೇವಾಸಂಸ್ಥೆಗಳಿಗೆ ಅದು ಉಚಿತ. ಗೂಗಲ್‌ನವರು ಸಂಸ್ಥೆಗಳಿಗೆ ತಿಂಗಳಿಗೆ 10,000 ಡಾಲರ್‌ವರೆಗೆ ಜಾಹೀರಾತು ಉಚಿತ ಕೊಡುತ್ತಾರೆ ಅಂತ ಯಾರೋ ಮೇಲಿನ ಕಾಮೆಂಟಿನಲ್ಲಿ ಬರೆದಿದ್ದಾರೆ. ನಿಜ. ಆದರೆ ಅದಕ್ಕೆ ಒಳ್ಳೆಯ ವೆಬ್‌ಸೈಟ್ ಬೇಕು, ಬಿಡದೆ ನೋಡಿಕೊಳ್ಳುವವರು ಬೇಕು. ಹೊಲಿಗೆ ಕೇಂದ್ರಕ್ಕೆ ಈಗ ಬೇಡ. ಮಿಲಾಪ್, ಕೆಟ್ಟೊ ಥರದ ಆನ್‌ಲೈನ್ ಚಂದಾ ಎತ್ತುವ ಸೈಟುಗಳು ಒಂದು ಸಲದ ಖರ್ಚಿಗೆ ಸರಿ, ಐದು ಮಿಷನ್ ಕೊಳ್ಳಬೇಕು ಅನ್ನುವಂಥದ್ದಕ್ಕೆ. ಪ್ರತಿ ತಿಂಗಳ ಬಾಡಿಗೆಗೆ ಅಲ್ಲ.

ಹಾಗೇ, ಕೆಟ್ಟ ಮಿಷನ್‌ಗಳನ್ನು ದಾನ ಅಂತ ತೆಗೆದುಕೊಳ್ಳಬೇಡಿ. ರಿಪೇರಿಗೇ ಜಾಸ್ತಿ ಹೋಗುತ್ತದೆ. ಬೇಡ ಅನ್ನಲು ಸಂಕೋಚ ಪಡಬಾರದು.

ಇನ್ನು ಕಾಗದ ಪತ್ರ. ಹೊಸ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್‌ನಿಂದ ಜಾರಿಗೆ ಬಂದು ಕಲಂ ನಂಬರ್ ಬದಲಾಗಿವೆ. ನಾನು ಹಳೆಯ ಹೆಸರಲ್ಲೇ ಹೇಳುತ್ತೇನೆ, ನಿಮ್ಮ ಸಿಎ ಹತ್ತಿರ ಒಮ್ಮೆ ಕೇಳಿ. ಬ್ರೋಷರ್‌ಗೆ ಇಟ್ಟ ದುಡ್ಡಲ್ಲಿ ಮೊದಲು 12ಎ, 80ಜಿ ಮಾಡಿಸಿ. ತಾತ್ಕಾಲಿಕ ನೋಂದಣಿ ಮೂರೇ ವರ್ಷ, ಸಿಕ್ಕಿತು ಅಂತ ಮರೆತು ಕೂರಬೇಡಿ. ಯುಪಿಐ ಕ್ಯೂಆರ್ ಟ್ರಸ್ಟ್ ಖಾತೆಯದೇ ಇರಲಿ. ನಿಮ್ಮ ಪೋಸ್ಟಿನ ಫೋಟೊದಲ್ಲಿ ಇರುವುದು ನಿಮ್ಮ ಸ್ವಂತ ನಂಬರಿನದು ಅನಿಸುತ್ತದೆ, ದಯವಿಟ್ಟು ಇವತ್ತೇ ತೆಗೆಯಿರಿ. ಯುಪಿಐನಲ್ಲಿ ಬಂದ ದುಡ್ಡಿಗೆ ಹೆಸರು ಇರುತ್ತದೆ, ಪ್ಯಾನ್ ಇರುವುದಿಲ್ಲ. ದಾನಿಗಳ ವಿವರವನ್ನು ತೆರಿಗೆ ಇಲಾಖೆಗೆ 10-ಬಿ.ಡಿ. (10BD) ಫಾರಂನಲ್ಲಿ ಮೇ 31ರೊಳಗೆ ಕೊಡಬೇಕಲ್ವಾ, ತಡವಾದರೆ ದಿನಕ್ಕೆ 200 ರೂಪಾಯಿ ಶುಲ್ಕ. ಅದಕ್ಕೆ ಅವತ್ತೇ ಹೆಸರು, ವಿಳಾಸ, ಪ್ಯಾನ್ ಬರೆದುಕೊಳ್ಳಿ. 2,000ಕ್ಕಿಂತ ಜಾಸ್ತಿ ನಗದು ಕೊಟ್ಟವರಿಗೆ 80ಜಿ ಸಿಗಲ್ಲ, ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೂ ಸಿಗಲ್ಲ. ಹಾಗಾಗಿ ‘ತೆರಿಗೆ ಉಳಿಯುತ್ತೆ’ ಅನ್ನುವುದನ್ನೇ ದೊಡ್ಡದು ಮಾಡಬೇಡಿ.

ಅಮೆರಿಕದಲ್ಲಿರುವ ಅಣ್ಣ ದುಡ್ಡು ಕಳಿಸುತ್ತಾನೆ ಅಂದಿದ್ದೀರಿ. ಅವರ ಪಾಸ್‌ಪೋರ್ಟ್ ಇನ್ನೂ ಭಾರತದ್ದಾ? ಹಾಗಾದರೆ ಅವರ ಸ್ವಂತ ಉಳಿತಾಯವನ್ನು ಬ್ಯಾಂಕ್ ಮೂಲಕ ಕೊಡಬಹುದು. ಅಲ್ಲಿನ ಪೌರತ್ವ ತೆಗೆದುಕೊಂಡಿದ್ದರೆ ಅದು ವಿದೇಶಿ ದೇಣಿಗೆ. ಒಸಿಐ ಕಾರ್ಡ್ (ವಿದೇಶಿ ಪೌರರಾದ ಭಾರತೀಯ ಮೂಲದವರಿಗೆ ಕೊಡುವ ಕಾರ್ಡ್) ಇದ್ದರೂ, ರೂಪಾಯಿಯಲ್ಲೇ ಕೊಟ್ಟರೂ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ಕಾಯ್ದೆ) ಅನುಮತಿ ಬೇಕು. ಅದಿಲ್ಲದೆ ಒಂದು ರೂಪಾಯಿ ಮುಟ್ಟಬೇಡಿ.

ಸಿಎಸ್‌ಆರ್ ಯಾವತ್ತೂ ಬೇಡ ಅಂತಲ್ಲ. ಮೂರು ವರ್ಷ ಆಗಲಿ. ಕಂಪನಿಗಳು ತಾವಿರುವ ಜಾಗದ ಸುತ್ತಮುತ್ತಕ್ಕೆ ಆದ್ಯತೆ ಕೊಡಬೇಕು ಅಂತ ಕಾಯ್ದೆಯೇ ಹೇಳುತ್ತದೆ. ನಿಮಗೆ ಗಿಣಿಗೇರಾ ಕಡೆಯ ಕಾರ್ಖಾನೆಗಳು ಹತ್ತಿರ, ಬೆಂಗಳೂರಿಗೆ ಪತ್ರ ಯಾಕೆ? ವರ್ಷದ ಸಿಎಸ್‌ಆರ್ ಮೊತ್ತ 50 ಲಕ್ಷ ದಾಟದ ಕಂಪನಿಗೆ ಬೇರೆ ಸಿಎಸ್‌ಆರ್ ಸಮಿತಿಯೂ ಬೇಕಿಲ್ಲ, ನಿರ್ದೇಶಕರ ಮಂಡಳಿಯೇ ತೀರ್ಮಾನ ಮಾಡಬಹುದು. ಅಂಥವರನ್ನು ಹುಡುಕಿ, ಮೂರು ವರ್ಷದ ಬಿಲ್ಲು ಮೆಸೇಜುಗಳ ಫೈಲ್ ಹಿಡಿದು ನೇರ ಹೋಗಿ.

ಈಗ ಒಂದು ಕೆಲಸ ಮಾಡಿ. ನಿಮ್ಮ ಕೇಂದ್ರದ ಒಂದು ತಿಂಗಳ ಖರ್ಚನ್ನು ಬಾಡಿಗೆ, ದಾರ, ಕರೆಂಟು, ಕಲಿಸುವವರ ಸಂಬಳ ಅಂತ ಬಿಡಿಸಿ ಇಲ್ಲೇ ಬರೆಯಿರಿ. ಮೊದಲ ಮೆಸೇಜ್ ನಾನೇ ಬರೆದುಕೊಡುತ್ತೇನೆ.