ಹಾವಿನ ಇಂಜೆಕ್ಷನ್ ಆಗಿ ಹತ್ತು ದಿನಕ್ಕೆ ಜ್ವರ, ಗಂಧೆ, ಗಂಟು ನೋವು: ಇದು ಉಳಿದ ನಂಜಾ?

ನಿಮ್ಮ ತಂದೆಯವರಿಗೆ ಸೊಪ್ಪಿನ ಬೆಟ್ಟದಲ್ಲಿ ದರಕು (ಉದುರಿದ ಒಣ ಎಲೆ) ಗುಡಿಸುವಾಗ ಕೊಳಕುಮಂಡಲ ಕಚ್ಚಿತ್ತು. ಶಿರಸಿಯಲ್ಲಿ ಇಂಜೆಕ್ಷನ್ ಕೊಟ್ಟು ಉಳಿಸಿದರು. ಮನೆಗೆ ಬಂದ ಮೇಲೆ, ಹತ್ತನೇ ದಿನದ ಹೊತ್ತಿಗೆ ಜ್ವರ, ಮೈತುಂಬ ತುರಿಸುವ ಗಂಧೆ, ಮೊಣಕಾಲು ಮತ್ತು ಮಣಿಕಟ್ಟಿನ ನೋವು ಶುರುವಾಗಿದೆ. ನಂಜು ಒಳಗೇ ಉಳಿದಿದೆ, ನಾಟಿ ಔಷಧಿ ಕೊಡಿಸಿ ಅಂತ ಊರವರು ಹೇಳುತ್ತಿದ್ದಾರೆ. ಹೌದಾ ಅಂತ ಕೇಳಿದ್ದೀರಿ.

ಇದೇ ಜಿಲ್ಲೆಯಲ್ಲಿ ತುಂಬಾ ವರ್ಷ ನರ್ಸ್ ಆಗಿದ್ದವಳು ನಾನು. ನೀವು ಬರೆದಿದ್ದು ನೋಡಿದರೆ ಇದು ಉಳಿದ ನಂಜಲ್ಲ. ಹೆಚ್ಚಾಗಿ ಸೀರಮ್ ಸಿಕ್‌ನೆಸ್. ಜೀವ ಉಳಿಸಿದ ಅದೇ ಇಂಜೆಕ್ಷನ್ನಿಗೆ ಮೈ ತಡವಾಗಿ ತೋರಿಸುವ ಸಿಟ್ಟು.

ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ, ಈ ನಾಲ್ಕು ಹಾವುಗಳ ವಿಷವನ್ನು ಸ್ವಲ್ಪಸ್ವಲ್ಪವೇ ಕುದುರೆಗೆ ಕೊಡುತ್ತಾರೆ. ಕುದುರೆಯ ರಕ್ತದಲ್ಲಿ ಹುಟ್ಟುವ ಪ್ರತಿಕಾಯಗಳೇ ನಮ್ಮ ಔಷಧಿ. ಅವು ವಿಷವನ್ನು ಕಟ್ಟಿಹಾಕುತ್ತವೆ. ಆದರೆ ಕುದುರೆಯ ಪ್ರೋಟೀನು ನಮ್ಮ ಮೈಗೆ ಹೊರಗಿನದು. ಅದರ ವಿರುದ್ಧ ನಮ್ಮದೇ ಪ್ರತಿಕಾಯ ತಯಾರಾಗಲು ಸಾಮಾನ್ಯವಾಗಿ 7ರಿಂದ 14 ದಿನ ಬೇಕು. ತಯಾರಾದ ಮೇಲೆ ಎರಡೂ ಒಂದಕ್ಕೊಂದು ಅಂಟಿಕೊಂಡು, ಸಣ್ಣ ರಕ್ತನಾಳ, ಚರ್ಮ, ಗಂಟುಗಳಲ್ಲಿ ಕೂತು ಉರಿಯೂತ ಎಬ್ಬಿಸುತ್ತವೆ. ಕೆಲವರಿಗೆ ಕಂಕುಳಲ್ಲಿ ಗಡ್ಡೆಯೂ ಕಾಣುತ್ತದೆ. ಬಾಟಲಿಗಳು ಜಾಸ್ತಿ ಹೋಗಿದ್ದರೆ ಸಾಧ್ಯತೆಯೂ ಜಾಸ್ತಿ.

ಈ ತಡ ಯಾಕೆ ಅನ್ನುವುದನ್ನು 1905ರಲ್ಲೇ ಪಿರ್ಕೆ ಮತ್ತು ಶಿಕ್ ಅನ್ನುವ ವಿಯೆನ್ನಾದ ಇಬ್ಬರು ಮಕ್ಕಳ ವೈದ್ಯರು ಬರೆದಿಟ್ಟಿದ್ದಾರೆ. ಆಗ ಗಂಟಲಮಾರಿಗೆ ಕುದುರೆಯ ಸೀರಮ್ಮೇ ಮದ್ದು. ಎರಡನೇ ಸಲ ಸೀರಮ್ ಪಡೆದ ಮಕ್ಕಳಲ್ಲಿ ಇದೇ ತೊಂದರೆ ಬೇಗ ಬರುವುದನ್ನು ಅವರು ಗಮನಿಸಿದರು. ಮೈ ತಾನೇ ಏನನ್ನೋ ತಯಾರಿಸುತ್ತಿದೆ, ಅದಕ್ಕೇ ಮೊದಲ ಸಲ ತಡ ಅಂತ ಕಂಡುಕೊಂಡರು. ಆ ಕಾಲಕ್ಕೆ ಎಷ್ಟು ಚೆಂದದ ಯೋಚನೆ ಅಲ್ವಾ?

ಆದರೂ ಇದೇ ಅಂತ ಮನೆಯಲ್ಲಿ ಕೂತು ತೀರ್ಮಾನ ಮಾಡಬೇಡಿ. ದರಕಿನಲ್ಲಿ ಉಣುಗು ಇರುತ್ತವೆ. ನಮ್ಮ ಕಡೆ ಬೇಸಿಗೆಯ ಜ್ವರ ಅಂದರೆ ಉಣುಗು ಕಚ್ಚಿ ಬರುವ ಮಂಗನ ಕಾಯಿಲೆಯನ್ನು ನೋಡಲೇಬೇಕು, ಮಳೆಗಾಲವಾದರೆ ಇಲಿಜ್ವರವನ್ನೂ. ಕಚ್ಚಿದ ಜಾಗ ಕೀವಾಗಿದ್ದರೂ ಜ್ವರ ಬರುತ್ತದೆ. ಹಾಗಾಗಿ ಡಿಸ್ಚಾರ್ಜ್ ಚೀಟಿ ಹಿಡಿದುಕೊಂಡು ನಾಳೆಯೇ ಹೋಗಿ. ಯಾವ ದಿನ ಇಂಜೆಕ್ಷನ್ ಆಯಿತು, ಎಷ್ಟು ಬಾಟಲಿ, ಜೊತೆಗೆ ಯಾವ ಆಂಟಿಬಯಾಟಿಕ್ ಕೊಟ್ಟರು, ಮೂರನ್ನೂ ಹೇಳಿ. ಆಂಟಿಬಯಾಟಿಕ್ ಯಾಕೆ ಅಂದರೆ ಅಮಾಕ್ಸಿಸಿಲಿನ್, ಸೆಫಾಕ್ಲೋರ್, ಸಲ್ಫಾ ಮಾತ್ರೆಗಳಿಂದಲೂ ಹೀಗೇ ಗಂಧೆ, ಗಂಟು ನೋವು ಬರಬಹುದು. ಅದು ಮಕ್ಕಳಲ್ಲಿ ಜಾಸ್ತಿ.

ಸೀರಮ್ ಸಿಕ್‌ನೆಸ್ ಅಂತಾದರೆ ಅಲರ್ಜಿ ಮಾತ್ರೆ ಕೊಡುತ್ತಾರೆ. ಅದಕ್ಕೆ ಬಗ್ಗದಿದ್ದರೆ ಕೆಲವು ದಿನ ಸ್ಟೀರಾಯ್ಡ್. ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ಪೂರ್ತಿ ಇಳಿಯುತ್ತದೆ. ಅಂಗಡಿಯಿಂದ ನೋವಿನ ಮಾತ್ರೆ ತಂದು ಮಾತ್ರ ಸುಮ್ನೆ ನುಂಗಿಸಬೇಡಿ. ಕೊಳಕುಮಂಡಲದ ವಿಷ ಕಿಡ್ನಿಗೆ ಪೆಟ್ಟು ಕೊಡುವಂಥದ್ದು, ಆ ಮಾತ್ರೆಗಳೂ ಅಲ್ಲಿಗೇ ಹೋಗಿ ಹೊಡೆಯುತ್ತವೆ. ಗೊತ್ತಿಲ್ಲದ ಬೇರಿನ ಕಷಾಯವೂ ಬೇಡ. ಮೂತ್ರ ಪರೀಕ್ಷೆ ಮತ್ತು ಕಿಡ್ನಿ ಹೇಗಿದೆ ಅಂತ ತಿಳಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆ ಮಾಡಿಸಿ ಅಂತ ನೀವೇ ಕೇಳಿ. ಮೂತ್ರ ಕಡಿಮೆಯಾದರೆ, ತುಟಿ ನಾಲಿಗೆ ಊದಿದರೆ, ಉಸಿರು ಕಟ್ಟಿದರೆ ನಾಳೆಯವರೆಗೆ ಕಾಯಬೇಡಿ. ರಾತ್ರಿಯಾದರೂ 108ಕ್ಕೆ ಫೋನ್ ಮಾಡಿ.

ಇನ್ನೊಂದು ಮಾತು, ನನಗೆ ತುಂಬಾ ಮುಖ್ಯ ಅನಿಸುವುದು. ಇದಾದ ಮೇಲೆ ಕೆಲವು ಮನೆಗಳಲ್ಲಿ "ಆ ಇಂಜೆಕ್ಷನ್ ನಮಗೆ ಆಗುವುದಿಲ್ಲ" ಅಂತ ತೀರ್ಮಾನ ಮಾಡಿಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಗಂಧೆ, ಗಂಟು ನೋವು ಇಳಿಯುತ್ತದೆ, ಕೊಳಕುಮಂಡಲದ ವಿಷ ಮನುಷ್ಯನನ್ನು ಕೊಲ್ಲುತ್ತದೆ. ಮುಂದೆ ಮತ್ತೆ ಹಾವು ಕಚ್ಚಿ ವಿಷ ಏರಿದರೆ ಅದೇ ಇಂಜೆಕ್ಷನ್ ಬೇಕು. ಹಿಂದೆ ಹೀಗಾಗಿತ್ತು ಅಂತ ಮೊದಲೇ ಹೇಳಿದರೆ ಡಾಕ್ಟರು ಜಾಗ್ರತೆಯಿಂದ ಕೊಡುತ್ತಾರೆ. ನಾಯಿ ಕಚ್ಚಿದಾಗ ಗಾಯಕ್ಕೆ ಹಾಕುವ ಸೀರಮ್ಮೂ ಕೆಲವು ಸಲ ಕುದುರೆಯದ್ದೇ ಆಗಿರುತ್ತದೆ, ಅಲ್ಲಿಯೂ ಹೇಳಬೇಕು. ಡಾಕ್ಟರ ಕೈಯಲ್ಲಿ ಇದನ್ನು ಚೀಟಿಯ ಮೇಲೆ ಬರೆಸಿಕೊಂಡು, ಫೋಟೋ ತೆಗೆದು ಮನೆಯವರೆಲ್ಲರ ಫೋನಿನಲ್ಲಿ ಇಟ್ಟುಕೊಳ್ಳಿ.